ಬಾಹ್ಯಾಕಾಶದ ಸಿನಿಮಾಗಳು: ನಮ್ಮ ಪಟ್ಟಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಸರಸ್ವತಿಪುರಂನಲ್ಲಿ ನಾವೊಂದಷ್ಟು ಜನ ಶನಿವಾರ ಸಂಜೆ ಸೇರಿ ಸಿನಿಮಾ ನೋಡುತ್ತೇವೆ. ಮಂಡ್ಯದಿಂದಲೂ ಕೆಲವರು ರೈಲು ಹತ್ತಿ ಬರುತ್ತಾರೆ. 2013ರಿಂದ ಈಚೆಗೆ ಬಂದ ಬಾಹ್ಯಾಕಾಶದ ಸಿನಿಮಾಗಳನ್ನು ಸಾಲಾಗಿ ನೋಡಿದ ಮೇಲೆ ನಾನೊಂದು ಪಟ್ಟಿ ಮಾಡಿದೆ. ಆ ಪಟ್ಟಿ ನೆಂಟರು, ಅಕ್ಕಪಕ್ಕದವರು, ಕಾಲೇಜು ಹುಡುಗರ ಕೈಗೆಲ್ಲ ಹೋಗಿ ಈಗ ಅವೇ ಪ್ರಶ್ನೆಗಳು ಬೇರೆ ಬೇರೆ ಬಾಯಿಂದ ಬರುತ್ತಿವೆ. ಎಲ್ಲರಿಗೂ ಒಟ್ಟಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಯಾವ ಚಿತ್ರದ ಕೊನೆಯನ್ನೂ ಬಿಟ್ಟುಕೊಟ್ಟಿಲ್ಲ, ನಡುವಿನ ಕೆಲವು ದೃಶ್ಯಗಳನ್ನು ಮಾತ್ರ ಹೇಳಿದ್ದೇನೆ.

ಮೊದಲು ಪಟ್ಟಿ ಹೇಳಿಬಿಡಿ.

ಒಂದು, ‘ಗ್ರ್ಯಾವಿಟಿ’ (2013). ಎರಡು, ‘ಇಂಟರ್‌ಸ್ಟೆಲ್ಲರ್’ (2014). ಮೂರು, ‘ದಿ ಮಾರ್ಷಿಯನ್’ (2015). ನಾಲ್ಕು, ಸ್ವೀಡನ್ನಿನ ‘ಅನಿಯಾರಾ’ (2018). ಐದು, ‘ಸ್ಟೋಅವೇ’ (2021). ಇಲ್ಲಿಯವರೆಗೆ ನನ್ನದು ಗಟ್ಟಿ ತೀರ್ಮಾನ. ಆಮೇಲೆ ‘ಏಲಿಯನ್: ರೊಮ್ಯುಲಸ್’ (2024), ‘ಆಡ್ ಆಸ್ಟ್ರಾ’ (2019), ಚೀನಾದ ‘ದಿ ವಾಂಡರಿಂಗ್ ಅರ್ತ್’ (2019), ‘ಮಿಕ್ಕಿ 17’ (2025), ‘ಸ್ಪೇಸ್‌ಮ್ಯಾನ್’ (2024). ಈ ಐದರಲ್ಲಿ ಯಾರಾದರೂ ಒಂದನ್ನು ಮೇಲೆ ಹಾಕಿ ಒಂದನ್ನು ಕೆಳಗಿಟ್ಟರೆ ನಾನು ಜಗಳಕ್ಕೆ ಹೋಗುವುದಿಲ್ಲ.

ಯಾವ ಲೆಕ್ಕದಲ್ಲಿ ಅಂಕ ಕೊಟ್ಟಿರಿ? ಗ್ರಾಫಿಕ್ಸಾ, ನಟನೆಯಾ, ವಿಜ್ಞಾನವಾ?

ನಾನು ಕೇಳಿಕೊಂಡಿದ್ದು ಒಂದೇ ಪ್ರಶ್ನೆ: ಈ ಕಥೆಯಿಂದ ಬಾಹ್ಯಾಕಾಶವನ್ನು ತೆಗೆದುಬಿಟ್ಟರೆ ಏನು ಉಳಿಯುತ್ತದೆ? ಅದೇ ಕಥೆಯನ್ನು ಹಡಗಿನಲ್ಲೋ, ಕಾಡಿನ ಬಂಗಲೆಯಲ್ಲೋ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೋ ಹೆಚ್ಚು ತೊಂದರೆಯಿಲ್ಲದೆ ತೆಗೆಯಬಹುದಾದರೆ, ಅಲ್ಲಿ ನಕ್ಷತ್ರಗಳು ಬರೀ ಹಿಂದಿನ ಪರದೆ. ಗಾಳಿ ಇಲ್ಲದಿರುವುದು, ತೂಕ ಇಲ್ಲದಿರುವುದು, ಊಹೆಗೆ ಸಿಗದ ದೂರ, ಆ ದೂರದಿಂದಾಗಿ ಕೈತಪ್ಪುವ ಕಾಲ, ಇವೇ ಪಾತ್ರಗಳನ್ನು ಕಷ್ಟಕ್ಕೆ ನೂಕಿ, ಇವೇ ದಾರಿ ತೋರಿಸಿದರೆ ಅದು ನಿಜವಾದ ಬಾಹ್ಯಾಕಾಶದ ಸಿನಿಮಾ.

ವಿಜ್ಞಾನದ ತಪ್ಪು ಹುಡುಕುವುದು ನನಗೆ ಇಷ್ಟದ ಕೆಲಸವೇ. ಆದರೆ ತಪ್ಪುಗಳ ಎಣಿಕೆಯಿಂದ ಸ್ಥಾನ ಕೊಟ್ಟಿಲ್ಲ. ಒಂದೂ ತಪ್ಪಿಲ್ಲದ ಸಪ್ಪೆ ಸಿನಿಮಾಕ್ಕಿಂತ, ಒಂದು ದೊಡ್ಡ ತಪ್ಪಿದ್ದರೂ ಶೂನ್ಯ ಎಂದರೇನು ಅಂತ ಮೈಗೆ ತಾಗಿಸುವ ಸಿನಿಮಾ ಮೇಲು.

‘ಇಂಟರ್‌ಸ್ಟೆಲ್ಲರ್’ ಯಾಕೆ ಮೊದಲನೆಯದಲ್ಲ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಕೇಳುವವರ ದನಿಯಲ್ಲಿ ನೋವೂ ಇರುತ್ತದೆ. ಅದು ನನಗೂ ತುಂಬ ಪ್ರೀತಿಯ ಸಿನಿಮಾ. 2025ರ ಫೆಬ್ರುವರಿಯಲ್ಲಿ ಮರುಬಿಡುಗಡೆಯಾದಾಗ ಐಮ್ಯಾಕ್ಸ್ ಪರದೆಯಲ್ಲಿ ನೋಡಲೆಂದೇ ಬೆಂಗಳೂರಿಗೆ ಹೋಗಿ ಬಂದೆವು.

ಆ ಚಿತ್ರದ ಎದೆ ಇರುವುದು ಒಂದು ದೃಶ್ಯದಲ್ಲಿ. ನೀರು ತುಂಬಿದ ಗ್ರಹದಲ್ಲಿ ಕೆಲವು ಗಂಟೆ ಕಳೆದು ಕಥಾನಾಯಕ, ಗಗನಯಾತ್ರಿ ಕೂಪರ್ ನೌಕೆಗೆ ಮರಳುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ 23 ವರ್ಷ ಕಳೆದಿದೆ. ಬಂದು ಸೇರಿದ ವೀಡಿಯೊ ಸಂದೇಶಗಳನ್ನು ಒಂದೊಂದಾಗಿ ನೋಡುತ್ತಾ ಕೂರುತ್ತಾನೆ. ಶಾಲೆ ಮುಗಿಸಿದ ಮಗ, ಮದುವೆಯಾದ ಮಗ, ಮಗುವಿನ ತಂದೆಯಾದ ಮಗ, ಕೊನೆಗೆ ಕಾದು ಸಾಕಾದ ಮಗ. ಕ್ಯಾಮೆರಾ ಬಹುಪಾಲು ಅಪ್ಪನ ಮುಖದ ಮೇಲೇ ಇರುತ್ತದೆ. ನಮ್ಮ ಜೊತೆ ಕೂತಿದ್ದ ಪಕ್ಕದ ಮನೆಯ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಅವರು ಆ ದೃಶ್ಯ ನೋಡಿ, “ಇದು ರೇವತಿ ಕಥೆ ಅಲ್ವೇನಮ್ಮ?” ಎಂದರು. ಭಾಗವತದಲ್ಲಿ ಕಕುದ್ಮಿ ರಾಜ ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ, ಅಲ್ಲಿ ಸ್ವಲ್ಪ ಹೊತ್ತು ಸಂಗೀತ ಕೇಳುತ್ತಾ ಕಾಯುತ್ತಾನೆ, ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದು ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರಗಳೆಲ್ಲ ಗತಿಸಿರುತ್ತಾರೆ. ಪುರಾಣದಲ್ಲಿ ಸಾಪೇಕ್ಷತಾ ಸಿದ್ಧಾಂತವಿತ್ತು ಅಂತ ನಾನು ಹೇಳುತ್ತಿಲ್ಲ. ಹೋಗಿ ಬರುವಷ್ಟರಲ್ಲಿ ನಮ್ಮವರೇ ಇಲ್ಲವಾಗುವ ಭಯ ಎಷ್ಟು ಹಳೆಯದು ಅಂತ ಅಜ್ಜಿಯ ಮಾತಿಂದ ಗೊತ್ತಾಯಿತು.

ಹಾಗಾದರೆ ಎರಡನೇ ಸ್ಥಾನ ಯಾಕೆ? 169 ನಿಮಿಷದ ಚಿತ್ರದ ಕೊನೆಯ ಭಾಗದಲ್ಲಿ ಬಾಹ್ಯಾಕಾಶ ಕೈಬಿಟ್ಟು ಹೋಗುತ್ತದೆ. ಅಲ್ಲಿಯವರೆಗೆ ಕಾಲ, ದೂರ, ಇಂಧನ ಯಾವುದೂ ಯಾರ ಮೇಲೂ ದಯೆ ತೋರಿಸಿರುವುದಿಲ್ಲ. ಕೊನೆಯಲ್ಲಿ ಮಾತ್ರ ಎಲ್ಲವೂ ಪಾತ್ರಗಳ ಆಸೆಗೆ ತಕ್ಕಂತೆ ಬಾಗುತ್ತದೆ. ‘ಗ್ರ್ಯಾವಿಟಿ’ 91 ನಿಮಿಷದಲ್ಲಿ ಒಮ್ಮೆಯೂ ಹಾಗೆ ಬಾಗುವುದಿಲ್ಲ.

ಆ ನೀರಿನ ಗ್ರಹದಲ್ಲಿ ಒಂದು ಗಂಟೆ ಅಂದ್ರೆ ಭೂಮಿಯಲ್ಲಿ ಏಳು ವರ್ಷ ಅನ್ನೋದು ನಿಜಕ್ಕೂ ಸಾಧ್ಯವಾ?

ತತ್ವದಲ್ಲಿ ಸಾಧ್ಯ. ಗುರುತ್ವ ಹೆಚ್ಚಿರುವ ಕಡೆ ಕಾಲ ನಿಧಾನ ಎನ್ನುವುದು ಐನ್‌ಸ್ಟೈನ್ ಹೇಳಿದ್ದು, ಅಳೆದು ನೋಡಿದ್ದೂ ಆಗಿದೆ. ನಿಮ್ಮ ಫೋನಿಗೆ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ಕಿಲೋಮೀಟರ್‌ಗಟ್ಟಲೆ ತಪ್ಪು ಜಾಗ ತೋರಿಸುತ್ತದೆ.

ಸಿನಿಮಾದ ಲೆಕ್ಕ ಮಾತ್ರ ಭಯಂಕರ. ಗಂಟೆಗೆ ಏಳು ವರ್ಷ ಎಂದರೆ ಆ ಗ್ರಹದಲ್ಲಿ ಸುಮಾರು 1.4 ಸೆಕೆಂಡ್ ಕಳೆಯುವಷ್ಟರಲ್ಲಿ ಭೂಮಿಯಲ್ಲಿ ಒಂದು ಇಡೀ ದಿನ ಮುಗಿಯುತ್ತದೆ. ಅದಕ್ಕೆ ಆ ಗ್ರಹ ಸುತ್ತುವ ಕಪ್ಪುಕುಳಿ (ಬೆಳಕೂ ತಪ್ಪಿಸಿಕೊಳ್ಳಲಾಗದಷ್ಟು ಗುರುತ್ವ ಇರುವ ಕಾಯ) ತನ್ನ ಗರಿಷ್ಠ ವೇಗದ ಅಂಚಿನಲ್ಲಿ ತಿರುಗುತ್ತಿರಬೇಕು, ಗ್ರಹ ಅದಕ್ಕೆ ತೀರಾ ಹತ್ತಿರದಲ್ಲಿರಬೇಕು. ಚಿತ್ರಕ್ಕೆ ವಿಜ್ಞಾನದ ಸಲಹೆ ಕೊಟ್ಟವರು ಭೌತವಿಜ್ಞಾನಿ ಕಿಪ್ ಥಾರ್ನ್. ಗುರುತ್ವದ ಅಲೆಗಳ ಪತ್ತೆಗಾಗಿ 2017ರಲ್ಲಿ ನೊಬೆಲ್ ಹಂಚಿಕೊಂಡವರಲ್ಲಿ ಅವರೂ ಒಬ್ಬರು. ಕಪ್ಪುಕುಳಿಯ ಸುತ್ತ ಬೆಳಕು ಬಾಗುವುದನ್ನು ಅವರ ಸಮೀಕರಣಗಳಿಂದಲೇ ಗ್ರಾಫಿಕ್ಸ್ ತಂಡ ಚಿತ್ರಿಸಿತು. ಐದು ವರ್ಷದ ನಂತರ, 2019ರ ಏಪ್ರಿಲ್ 10ರಂದು ಎಂ87 ನಕ್ಷತ್ರಪುಂಜದ ಕಪ್ಪುಕುಳಿಯ ಮೊದಲ ಚಿತ್ರ ಹೊರಬಂದಾಗ ನಮ್ಮ ಗುಂಪಿನ ಹುಡುಗರು ಮೊದಲು ಹೋಲಿಸಿ ನೋಡಿದ್ದು ಈ ಸಿನಿಮಾದ ದೃಶ್ಯಕ್ಕೇ.

‘ಗ್ರ್ಯಾವಿಟಿ’ಯಲ್ಲಿ ಅಷ್ಟೊಂದು ತಪ್ಪಿದೆ ಅಂತಾರಲ್ಲ, ಅದು ಹೇಗೆ ಮೊದಲನೆಯದಾಯ್ತು?

ತಪ್ಪಿರುವುದು ನಿಜ, ಒಂದಂತೂ ದೊಡ್ಡದು. ಕಥೆಯಲ್ಲಿ ಗಗನಯಾತ್ರಿಗಳು ಹಬಲ್ ದೂರದರ್ಶಕದ ಬಳಿಯಿಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಬೆನ್ನಿಗೆ ಕಟ್ಟಿದ ಜೆಟ್‌ಪ್ಯಾಕ್‌ನಲ್ಲಿ ಹೋಗುತ್ತಾರೆ. ಹಬಲ್ ಇದ್ದದ್ದು ಸುಮಾರು 550 ಕಿ.ಮೀ. ಎತ್ತರದಲ್ಲಿ, ನಿಲ್ದಾಣ ಸುಮಾರು 400ರಲ್ಲಿ. ಎತ್ತರದ ವ್ಯತ್ಯಾಸವನ್ನು ಬಿಟ್ಟುಬಿಡಬಹುದು. ಕಕ್ಷೆಗಳ ಓರೆಯೇ ಬೇರೆ: ಹಬಲ್‌ನದು ಸಮಭಾಜಕಕ್ಕೆ 28.5 ಡಿಗ್ರಿ, ನಿಲ್ದಾಣದ್ದು 51.6. ಮಂಡ್ಯದ ಕಡೆ ಓಡುತ್ತಿರುವ ರೈಲಿನಿಂದ ಹಾಸನದ ಕಡೆ ಓಡುತ್ತಿರುವ ರೈಲಿಗೆ ಹಾರುತ್ತೇನೆ ಅಂದ ಹಾಗೆ ಅದು. ಆ ತಿರುವಿಗೆ ಸೆಕೆಂಡಿಗೆ ಸುಮಾರು 3 ಕಿಲೋಮೀಟರ್ ವೇಗ ಬದಲಿಸಬೇಕು. ನಾಸಾದ ನಿಜವಾದ ಜೆಟ್‌ಪ್ಯಾಕ್ ಕೊಡಬಲ್ಲದ್ದು ಸೆಕೆಂಡಿಗೆ ಸುಮಾರು 25 ಮೀಟರ್.

ಇನ್ನೊಂದು, ಆ ಇಬ್ಬರು ಗಗನಯಾತ್ರಿಗಳಲ್ಲಿ ಒಬ್ಬನಾದ ಕೊವಾಲ್ಸ್ಕಿ ಹಗ್ಗ ಬಿಡುವ ದೃಶ್ಯ. ಹಗ್ಗ ಬಿಗಿದು ಇಬ್ಬರೂ ನಿಂತ ಮೇಲೆ ಅವನನ್ನು ದೂರಕ್ಕೆ ಎಳೆಯುವ ಶಕ್ತಿ ಯಾವುದೂ ಉಳಿದಿರುವುದಿಲ್ಲ. ಮೆಲ್ಲಗೆ ಎಳೆದರೆ ಬಂದುಬಿಡುತ್ತಿದ್ದ. ಮತ್ತೆ, ಒಡೆದ ಉಪಗ್ರಹವೊಂದರ ಚೂರುಗಳಿಂದ ಸಂಪರ್ಕ ಉಪಗ್ರಹಗಳೆಲ್ಲ ಚೂರಾದವು ಎನ್ನುತ್ತಾರೆ. ನಮ್ಮ ಹಾಸನದ ಇಸ್ರೊ ಕೇಂದ್ರದಿಂದ ನೋಡಿಕೊಳ್ಳುವಂಥ ಸಂಪರ್ಕ ಉಪಗ್ರಹಗಳು ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಕೆಳಗಿನ ಕಕ್ಷೆಯ ಚೂರುಗಳು ಅಲ್ಲಿಗೆ ಮುಟ್ಟುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಮೊದಲ ಸ್ಥಾನ ಕೊಟ್ಟಿದ್ದೇನೆ. ಆ ಕೈಗಳನ್ನು ನೋಡಿ. ಇನ್ನೊಬ್ಬ ಗಗನಯಾತ್ರಿ ರಯಾನ್ ಸ್ಟೋನ್ ನಿಲ್ದಾಣದ ಹೊರಮೈ ಮೇಲೆ ಒಂದು ಹಿಡಿಕೆಯ ಕಡೆ ಕೈ ಚಾಚುತ್ತಾಳೆ. ಬೆರಳು ತಾಗುತ್ತದೆ, ತಾಗಿದ ರಭಸಕ್ಕೇ ಮೈ ಹಿಂದಕ್ಕೆ ತಿರುಗುತ್ತದೆ, ಹಿಡಿತ ಜಾರುತ್ತದೆ. ನೆಲದ ಮೇಲಾದರೆ ಜಾರಿದವರು ಎಲ್ಲೋ ಒಂದು ಕಡೆ ಬಿದ್ದು ನಿಲ್ಲುತ್ತಾರೆ, ಅಲ್ಲಿ ನಿಲ್ಲಿಸುವುದು ಏನೂ ಇಲ್ಲ. ನ್ಯೂಟನ್ನನ ನಿಯಮವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವರಿಗೆ ಅದು ಹೊಟ್ಟೆಯೊಳಗೆ ಅರ್ಥವಾಗುವುದು ಆ ಕ್ಷಣದಲ್ಲಿ. ಇಡೀ ಚಿತ್ರ ಹೀಗೇ ಹಿಡಿದುಕೊಳ್ಳುವುದು, ಬಿಡುವುದು, ಉಸಿರು ಲೆಕ್ಕ ಹಾಕುವುದರಲ್ಲೇ ಸಾಗುತ್ತದೆ. ನಿರ್ದೇಶಕ ಅಲ್ಫೋನ್ಸೊ ಕ್ವಾರೋನ್ ಆರಂಭದ ದೃಶ್ಯವನ್ನು ಹತ್ತು ನಿಮಿಷಕ್ಕೂ ಮೀರಿ ಒಂದೇ ಶಾಟ್‌ನಂತೆ ಕತ್ತರಿಸದೆ ಹರಿಸಿದ್ದಾರೆ, ನಮಗೂ ಹಿಡಿದುಕೊಳ್ಳಲು ಜಾಗ ಸಿಗುವುದಿಲ್ಲ. ಆ ವರ್ಷ ಏಳು ಆಸ್ಕರ್ ಬಂದಿದ್ದು ಸರಿಯಾಗಿಯೇ ಬಂತು.

ಕಥೆಯ ಬೀಜವೂ ಕಟ್ಟುಕಥೆಯಲ್ಲ. ರಷ್ಯಾ ತನ್ನದೇ ಉಪಗ್ರಹಕ್ಕೆ ಕ್ಷಿಪಣಿ ಹೊಡೆದು ಚೂರುಗಳು ಹರಡುವುದರಿಂದ ಚಿತ್ರದ ಅನಾಹುತ ಶುರುವಾಗುತ್ತದೆ. 2021ರ ನವೆಂಬರ್‌ನಲ್ಲಿ ರಷ್ಯಾ ನಿಜವಾಗಿಯೂ ತನ್ನ ಹಳೆಯ ಕಾಸ್ಮೋಸ್ 1408 ಉಪಗ್ರಹವನ್ನು ಹೊಡೆದುರುಳಿಸಿತು, ನಿಲ್ದಾಣದಲ್ಲಿದ್ದವರು ತಮ್ಮ ತಮ್ಮ ನೌಕೆ ಹೊಕ್ಕು ಕೂರಬೇಕಾಯಿತು. ಚೂರು ಚೂರಿಗೆ ಡಿಕ್ಕಿ ಹೊಡೆದು ಸರಣಿಯಾಗಿ ಬೆಳೆಯುವ ಈ ಅಪಾಯವನ್ನು ಡೊನಾಲ್ಡ್ ಕೆಸ್ಲರ್ ಎನ್ನುವ ವಿಜ್ಞಾನಿ 1978ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು.

ಬಾಹ್ಯಾಕಾಶದಲ್ಲಿ ಶಬ್ದ ಇರಲ್ಲ ಅಂತಾರೆ. ಸಿನಿಮಾದಲ್ಲಿ ಮಾತ್ರ ಢಂ ಅನ್ನುತ್ತಲ್ಲ?

ಗಾಳಿ ಇಲ್ಲದ ಕಡೆ ಶಬ್ದ ಸಾಗುವುದಿಲ್ಲ, ಅಷ್ಟೇ. ‘ಗ್ರ್ಯಾವಿಟಿ’ ಇದನ್ನು ಚೆನ್ನಾಗಿ ಪಾಲಿಸುತ್ತದೆ: ಪಾತ್ರದ ಕೈ ಯಾವುದನ್ನು ಮುಟ್ಟಿದೆಯೋ ಅದರ ಕಂಪನ ಮಾತ್ರ ಗುಂಯ್ ಎಂದು ಕೇಳುತ್ತದೆ, ಉಳಿದದ್ದು ಸಂಗೀತ. ಹಿಂದೆ ನಿಲ್ದಾಣವೇ ಪುಡಿಯಾಗುತ್ತಿದ್ದರೂ ಸದ್ದಿಲ್ಲ. ಈ ಚಿತ್ರವನ್ನು ಫೋನಿನ ಸ್ಪೀಕರ್‌ನಲ್ಲಿ ನೋಡಬೇಡಿ. ಇಯರ್‌ಫೋನ್ ಹಾಕಿಕೊಳ್ಳಿ.

“ಅಲ್ಲ ಕಣಕ್ಕ, ಮಂಗಳ ಗ್ರಹದಲ್ಲಿ ಆಲೂಗೆಡ್ಡೆ ನಿಜವಾಗ್ಲೂ ಬೆಳೀತದಾ?”

ಇದು ಮಂಡ್ಯದವರ ಪ್ರಶ್ನೆ, ಅದೂ ಗದ್ದೆ ಮಾಡುವವರದ್ದು. ‘ದಿ ಮಾರ್ಷಿಯನ್’ ನೋಡಿದ ಸಂಜೆ ಉಳಿದವರೆಲ್ಲ ರಾಕೆಟ್ ಬಗ್ಗೆ ಮಾತಾಡುತ್ತಿದ್ದರೆ ಇವರು ಗೊಬ್ಬರ, ನೀರು, ಸಾಲಿನ ಅಂತರದ ಬಗ್ಗೆ ಮಾತಾಡುತ್ತಿದ್ದರು. ಆ ಚಿತ್ರವನ್ನು ನೋಡಬೇಕಾದ ರೀತಿಯೇ ಅದು.

ಮಂಗಳದಲ್ಲಿ ಒಬ್ಬನೇ ಉಳಿದುಹೋದ ಗಗನಯಾತ್ರಿ ಮಾರ್ಕ್ ವಾಟ್ನಿ ಮಾಡುವ ಕೆಲಸದಲ್ಲಿ ಬಹುಪಾಲು ತರ್ಕಬದ್ಧ. ಅವನು ಹೊರಗಿನ ಬಯಲಲ್ಲಿ ಬೆಳೆಯುವುದಿಲ್ಲ, ವಸತಿಯ ಒಳಗೆ ಮಣ್ಣು ತಂದು ಹಾಕಿ, ಗಾಳಿ ಒತ್ತಡ ಬಿಸಿ ಎಲ್ಲ ಇರುವ ಕಡೆ ಬೆಳೆಯುತ್ತಾನೆ. ಗೊಬ್ಬರಕ್ಕೆ ತಂಡದವರ ಮಲ. ನೀರಿಗೆ ಇಂಧನವಾದ ಹೈಡ್ರಜೀನ್ ಒಡೆದು ಹೈಡ್ರೋಜನ್ ತೆಗೆದು ಉರಿಸುತ್ತಾನೆ, ಅದರಲ್ಲಿ ಒಮ್ಮೆ ಸ್ಫೋಟವೂ ಆಗುತ್ತದೆ. ಚಿತ್ರ ಬಿಟ್ಟಿರುವುದು ಒಂದು ವಿಷಯ: ಮಂಗಳದ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಎನ್ನುವ ವಿಷಕಾರಿ ಲವಣ ಇದೆ. ಫೀನಿಕ್ಸ್ ನೌಕೆ 2008ರಲ್ಲಿ ಅದನ್ನು ಪತ್ತೆ ಮಾಡಿತು. ಅದು ನೀರಲ್ಲಿ ಕರಗುವುದರಿಂದ ಮಣ್ಣನ್ನು ತೊಳೆದು ತೆಗೆಯಬಹುದು, ಆದರೆ ಅಷ್ಟು ನೀರು ಬೇಕಲ್ಲ. ಆಲೂಗೆಡ್ಡೆ ಬಗ್ಗೆಯೇ ಹೇಳುವುದಾದರೆ, ಪೆರು ದೇಶದ ಲಿಮಾದಲ್ಲಿರುವ ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರ ಮಂಗಳದ್ದನ್ನು ಹೋಲುವ ಉಪ್ಪುಮಣ್ಣಿನಲ್ಲಿ ಬೆಳೆದು ನೋಡುವ ಪ್ರಯೋಗ ಮಾಡಿದೆ. 2022ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದವರು ಅಪೊಲೊ ಯಾತ್ರಿಗಳು ತಂದಿದ್ದ ಚಂದ್ರನ ಮಣ್ಣಿನಲ್ಲೇ ಒಂದು ಸಣ್ಣ ಗಿಡ ಬೆಳೆಸಿದರು, ಅದು ಸೊರಗಿಕೊಂಡೇ ಬೆಳೆಯಿತು. 2025ರಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಮೆಂತ್ಯ, ಹೆಸರುಕಾಳು ಮೊಳಕೆ ಬರಿಸಿ ನೋಡಿದರಲ್ಲ, ಆ ಪ್ರಯೋಗದ ಹಿಂದೆ ಇದ್ದದ್ದು ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಐಐಟಿ.

ಚಿತ್ರದ ದೊಡ್ಡ ತಪ್ಪು ಬೆಳೆಯಲ್ಲಿಲ್ಲ, ಬಿರುಗಾಳಿಯಲ್ಲಿದೆ. ಮಂಗಳದ ವಾಯುಒತ್ತಡ ಭೂಮಿಯದರ ಶೇಕಡ 1ರಷ್ಟೂ ಇಲ್ಲ. ಅಲ್ಲಿ ಗಾಳಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಬೀಸಿದರೂ ಮೈಗೆ ತಂಗಾಳಿಯಷ್ಟೇ. ನೌಕೆಯನ್ನು ಉರುಳಿಸಲು ಆಗುವುದಿಲ್ಲ. ಮೂಲ ಕಾದಂಬರಿ ಬರೆದ ಆ್ಯಂಡಿ ವಿಯರ್ ಕೂಡ ಇದನ್ನು ಒಪ್ಪಿದ್ದಾರೆ. ಕಥೆ ಶುರುವಾಗಲು ಒಂದೇ ಒಂದು ಸುಳ್ಳು ಹೇಳಿ, ಆಮೇಲೆ ಕೊನೆವರೆಗೂ ಲೆಕ್ಕ ತಪ್ಪದೆ ನಡೆಯುವ ಚಿತ್ರ ಅಂತ ನಾನು ಅದನ್ನು ಮೆಚ್ಚುತ್ತೇನೆ. ಹಳೆಯ ಪಾತ್‌ಫೈಂಡರ್ ನೌಕೆಯ ಕ್ಯಾಮೆರಾ ಸುತ್ತ ಹದಿನಾರು ಚಿಹ್ನೆಗಳ ಕಾರ್ಡು ನೆಟ್ಟು ಭೂಮಿಯ ಜೊತೆ ಅಕ್ಷರ ಅಕ್ಷರವಾಗಿ ಮಾತಾಡುವ ದೃಶ್ಯಕ್ಕೆ ನಮ್ಮ ಗುಂಪಿನ ಎಂಜಿನಿಯರಿಂಗ್ ಹುಡುಗರು ಎದ್ದು ನಿಂತು ಚಪ್ಪಾಳೆ ಹೊಡೆದರು.

ಊಟವನ್ನು ಸರಿಯಾಗಿ ತೋರಿಸಿರುವ ಸಿನಿಮಾ ಯಾವುದು?

ಮೈಸೂರಿನವರು ಈ ಪ್ರಶ್ನೆ ಕೇಳುವುದಕ್ಕೆ ಕಾರಣವಿದೆ. ಸಿದ್ಧಾರ್ಥನಗರದಲ್ಲಿರುವ ಹಿಂದೆ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಎಂಬ ಹೆಸರಿದ್ದ, ನಾವೆಲ್ಲ ಡಿಎಫ್‌ಆರ್‌ಎಲ್ ಎನ್ನುವ ಸಂಸ್ಥೆ, 1984ರಲ್ಲಿ ರಾಕೇಶ್ ಶರ್ಮಾ ಅವರ ಯಾತ್ರೆಗೆ ಆಹಾರ ಮಾಡಿಕೊಟ್ಟಿತ್ತು. ಗಗನಯಾನಕ್ಕೆ ಊಟ ಸಿದ್ಧಪಡಿಸುವ ಹೊಣೆಯೂ ಅದರದ್ದೇ. ಅದು ತಯಾರಿಸಿದ ಪಟ್ಟಿಯಲ್ಲಿ ಇಡ್ಲಿ, ಸಾಂಬಾರ್, ತರಕಾರಿ ಪುಲಾವ್, ಹೆಸರುಬೇಳೆ ಹಲ್ವಾ ಎಲ್ಲ ಇವೆ. ಶುಕ್ಲಾ ಅವರು ನಿಲ್ದಾಣಕ್ಕೆ ಕ್ಯಾರೆಟ್ ಹಲ್ವಾ, ಹೆಸರುಬೇಳೆ ಹಲ್ವಾ, ಮಾವಿನ ರಸ ಒಯ್ದಿದ್ದರು.

ಇದು ಸಣ್ಣ ವಿಷಯವಲ್ಲ. ತೂಕವಿಲ್ಲದ ಕಡೆ ಒಂದು ಚೂರು ತಿಂಡಿಯ ಪುಡಿ ಉದುರಿದರೂ ಅದು ತೇಲಿ ಕಣ್ಣಿಗೋ ಯಂತ್ರದೊಳಕ್ಕೋ ಹೋಗುತ್ತದೆ. ಅದಕ್ಕೇ ಅಲ್ಲಿ ಬ್ರೆಡ್ಡಿನ ಬದಲು ರೊಟ್ಟಿಯಂಥ ತಿನಿಸು ಕೊಡುತ್ತಾರೆ. ಈ ಎಚ್ಚರ ಸಿನಿಮಾಗಳಲ್ಲಿ ಕಾಣುವುದು ಕಡಿಮೆ. ಊಟವನ್ನು ಕಥೆಯ ಬೆನ್ನೆಲುಬು ಮಾಡಿಕೊಂಡಿರುವುದು ‘ದಿ ಮಾರ್ಷಿಯನ್’ ಒಂದೇ. ಎಷ್ಟು ದಿನಕ್ಕೆ ಎಷ್ಟು ಆಲೂಗೆಡ್ಡೆ ಅಂತ ವಾಟ್ನಿ ಲೆಕ್ಕ ಹಾಕುತ್ತಾನೆ, ಕೆಚಪ್ ಖಾಲಿಯಾದ ಮೇಲೆ ನೋವಿನ ಮಾತ್ರೆ ಪುಡಿ ಮಾಡಿ ಅದರಲ್ಲಿ ಅದ್ದಿಕೊಂಡು ತಿನ್ನುತ್ತಾನೆ. ಹಸಿವಿಗಿಂತ ಹೆಚ್ಚಾಗಿ, ದಿನಾ ಅದೇ ರುಚಿ ತಿಂದು ಮನುಷ್ಯ ಸೋಲುವುದನ್ನು ಆ ಒಂದು ಶಾಟ್ ಹೇಳುತ್ತದೆ.

‘ಇಂಟರ್‌ಸ್ಟೆಲ್ಲರ್’ ಕೂಡ ಅನ್ನದ ಕಥೆಯೇ. ಬೆಳೆರೋಗ ಬಂದು ಕೊನೆಗೆ ಉಳಿದಿರುವುದು ಮುಸುಕಿನ ಜೋಳ ಮಾತ್ರ. ಆ ಹೊಲಕ್ಕಾಗಿ ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಕೆನಡಾದಲ್ಲಿ 500 ಎಕರೆ ಜೋಳವನ್ನೇ ಬಿತ್ತಿಸಿದರು.

ನಮ್ಮ ಮಂಗಳಯಾನ ‘ಗ್ರ್ಯಾವಿಟಿ’ಗಿಂತ ಅಗ್ಗ ಅನ್ನೋದು ನಿಜವಾ?

ನಿಜ. ಮಂಗಳಯಾನಕ್ಕೆ ಸುಮಾರು 450 ಕೋಟಿ ರೂಪಾಯಿ, ಆ ಚಿತ್ರಕ್ಕೆ ಸುಮಾರು 10 ಕೋಟಿ ಡಾಲರ್, ಅಂದಿನ ದರದಲ್ಲಿ 600 ಕೋಟಿಯ ಆಸುಪಾಸು. ಇದರಿಂದ ಸಿನಿಮಾ ದಂಡ ಅಂತಾಗುವುದಿಲ್ಲ. ಹಾಗೆ ನೋಡಿದರೆ ಮಂಗಳಯಾನದ ಕಥೆಯಲ್ಲೇ ನನ್ನ ಅಳತೆಗೆ ಪೂರ್ತಿ ಅಂಕ ಸಿಗುವ ದೃಶ್ಯವಿದೆ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ನೌಕೆ ಎಂಜಿನ್ ಉರಿಸುತ್ತಲೇ ಮಂಗಳದ ಹಿಂದೆ ಮರೆಯಾಯಿತು. ಆದದ್ದೇನು ಅನ್ನುವ ಸಂಕೇತ ಭೂಮಿಗೆ ಬರಲು ಸುಮಾರು 12 ನಿಮಿಷ ಬೇಕು. ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿರುವ 32 ಮೀಟರ್ ಅಗಲದ ಆಂಟೆನಾ ಅಂಥ ಸಂಕೇತ ಹಿಡಿಯಲೆಂದೇ ಇರುವುದು. ಗೆದ್ದಿದ್ದೇವೋ ಸೋತಿದ್ದೇವೋ ಆಗಲೇ ತೀರ್ಮಾನವಾಗಿದೆ, ನಮಗೆ ಮಾತ್ರ ಇನ್ನೂ ಗೊತ್ತಿಲ್ಲ. ಈ 12 ನಿಮಿಷವನ್ನು ಕತ್ತರಿಸದೆ ತೋರಿಸುವ ಕಥಾಚಿತ್ರ ಯಾರಾದರೂ ಮಾಡಿದರೆ ನನ್ನ ಪಟ್ಟಿಯಲ್ಲಿ ಅದಕ್ಕೆ ಜಾಗ ಕಾದಿದೆ.

‘ಅನಿಯಾರಾ’ ಅಷ್ಟು ಮೇಲೆ ಯಾಕೆ? ಅರ್ಧಕ್ಕೇ ಎದ್ದು ಬಂದೆವು.

ಎದ್ದು ಬಂದದ್ದಕ್ಕೆ ಬೇಸರವಿಲ್ಲ, ಅದು ಮನಸ್ಸಿಗೆ ಭಾರವಾದ ಚಿತ್ರ. ಮಂಗಳಕ್ಕೆ ಮೂರು ವಾರದ ಪ್ರಯಾಣ ಅಂತ ಹೊರಟ ದೊಡ್ಡ ನೌಕೆ, ಒಳಗೆ ಅಂಗಡಿ, ಹೋಟೆಲ್, ಈಜುಕೊಳ. ಕಸದ ಚೂರೊಂದನ್ನು ತಪ್ಪಿಸುವ ಭರದಲ್ಲಿ ದಾರಿ ತಪ್ಪುತ್ತದೆ, ಇಂಧನವನ್ನೆಲ್ಲ ಹೊರಗೆ ಚೆಲ್ಲಬೇಕಾಗುತ್ತದೆ. ಆಮೇಲೆ ತಿರುಗಿಸಲು ಏನೂ ಉಳಿದಿಲ್ಲ. ನೌಕೆ ಚೆನ್ನಾಗಿಯೇ ಇದೆ, ಬೆಳಕಿದೆ, ಗಾಳಿಯಿದೆ, ಪಾಚಿಯಿಂದ ಊಟವೂ ಆಗುತ್ತದೆ. ಊರು ಮಾತ್ರ ಇನ್ನಿಲ್ಲ.

ಬೇರೆ ಚಿತ್ರಗಳು ಬಾಹ್ಯಾಕಾಶದ ಅಪಾಯ ತೋರಿಸಿದರೆ, ಇದು ಅದರ ವಿಸ್ತಾರವನ್ನು ತೋರಿಸುತ್ತದೆ. ಶತ್ರುವಿಲ್ಲ, ಸ್ಫೋಟವಿಲ್ಲ, ದೂರ ಒಂದೇ. ಸ್ವೀಡನ್ನಿನ ಕವಿ ಹ್ಯಾರಿ ಮಾರ್ಟಿನ್‌ಸನ್ 1956ರಲ್ಲಿ ಪ್ರಕಟಿಸಿದ ದೀರ್ಘ ಕಾವ್ಯ ಇದರ ಮೂಲ. ಅವರಿಗೆ 1974ರಲ್ಲಿ ನೊಬೆಲ್ ಬಂತು. ಜನ ಸಮಾಧಾನಕ್ಕಾಗಿ ಭೂಮಿಯ ನೆನಪು ತೋರಿಸುವ ಯಂತ್ರದ ಕೋಣೆಗೆ ಮುಗಿಬೀಳುತ್ತಾರೆ. ನೆಲಕ್ಕೆ ಮುಖ ಮಾಡಿ ಮಲಗಿ ಕಾಡು, ನೀರು, ಹಕ್ಕಿ ನೋಡುತ್ತಾರೆ. ಎಲ್ಲರ ದುಃಖ ನೋಡಿ ನೋಡಿ ಕೊನೆಗೆ ಆ ಯಂತ್ರಕ್ಕೇ ತಡೆದುಕೊಳ್ಳಲಾಗುವುದಿಲ್ಲ. ಇಡೀ ಪಟ್ಟಿಯಲ್ಲಿ ನನ್ನನ್ನು ಹೆಚ್ಚು ದಿನ ಕಾಡಿದ ಕಲ್ಪನೆ ಇದು. ಮನಸ್ಸು ಗಟ್ಟಿ ಇರುವ ದಿನ ಮತ್ತೆ ಪ್ರಯತ್ನಿಸಿ.

‘ಸ್ಟೋಅವೇ’ ಹೆಸರನ್ನೇ ಕೇಳಿಲ್ಲವಲ್ಲ?

ಹೆಚ್ಚು ಜನ ಕೇಳಿಲ್ಲ, ಅದಕ್ಕೇ ಮೇಲೆ ಹಾಕಿದ್ದೇನೆ. ಜೋ ಪೆನ್ನಾ ನಿರ್ದೇಶನ, ನೆಟ್‌ಫ್ಲಿಕ್ಸ್‌ನಲ್ಲಿದೆ. ಮಂಗಳಕ್ಕೆ ಹೊರಟ ಮೂವರ ನೌಕೆಯಲ್ಲಿ ನಾಲ್ಕನೆಯವನೊಬ್ಬ ಸಿಕ್ಕಿಕೊಂಡಿರುತ್ತಾನೆ. ಗಾಳಿ ಶುದ್ಧಿ ಮಾಡುವ ಯಂತ್ರ ಹಾಳಾಗಿದೆ, ನಾಲ್ವರಿಗೆ ಉಸಿರು ಸಾಲುವುದಿಲ್ಲ. ಕೆಟ್ಟವರು ಯಾರೂ ಇಲ್ಲ, ಎಲ್ಲರೂ ಒಳ್ಳೆಯವರೇ, ಲೆಕ್ಕ ಮಾತ್ರ ಕೂಡಿಬರುವುದಿಲ್ಲ. ನೌಕೆ ಮತ್ತು ಖಾಲಿ ರಾಕೆಟ್ ಭಾಗವನ್ನು ಉದ್ದನೆಯ ಕೇಬಲ್‌ಗಳಿಂದ ಕಟ್ಟಿ ತಿರುಗಿಸಿ ಕೃತಕ ತೂಕ ಹುಟ್ಟಿಸಿದ್ದಾರೆ. ಆ ಕೇಬಲ್ ಹಿಡಿದು ಮೇಲೆ ಹತ್ತುವಾಗ ನಡುವಿಗೆ ಬಂದಂತೆ ಮೈ ಹಗುರವಾಗುತ್ತದೆ, ದಾಟಿದ ಮೇಲೆ ಅದೇ ಹತ್ತುವುದು ಇಳಿಯುವುದಾಗುತ್ತದೆ. ಭೂಮಿಯ ಮೇಲೆ ಎಲ್ಲೂ ತೆಗೆಯಲಾಗದ ದೃಶ್ಯ ಅದು.

ಉಳಿದ ಐದರ ಬಗ್ಗೆ ಒಂದೆರಡು ಮಾತು?

‘ರೊಮ್ಯುಲಸ್’ ಭಯದ ಚಿತ್ರವಾದರೂ, ತೂಕವಿಲ್ಲದ ಓಣಿಯಲ್ಲಿ ಆ ಜೀವಿಯ ಆಸಿಡ್ ರಕ್ತ ತೇಲಾಡುವ ದೃಶ್ಯ ಒಂದಕ್ಕೇ ಆರನೇ ಸ್ಥಾನ. ‘ಆಡ್ ಆಸ್ಟ್ರಾ’ದಲ್ಲಿ ಬ್ರ್ಯಾಡ್ ಪಿಟ್ ನೆಪ್ಚೂನ್‌ವರೆಗೆ ಅಪ್ಪನನ್ನು ಹುಡುಕಿ ಹೋಗುತ್ತಾನೆ. ಒಂಟಿತನ ಚೆನ್ನಾಗಿದೆ, ನಡುನಡುವೆ ತುರುಕಿದ ಹೊಡೆದಾಟಗಳು ಬೇಡವಾಗಿತ್ತು. ‘ದಿ ವಾಂಡರಿಂಗ್ ಅರ್ತ್’ನಲ್ಲಿ ಭೂಮಿಗೇ ಸಾವಿರಾರು ಎಂಜಿನ್ ಹೂಡಿ ಸೂರ್ಯನಿಂದ ದೂರ ತಳ್ಳುತ್ತಾರೆ, ಗುರುಗ್ರಹದ ಸೆಳೆತಕ್ಕೆ ಸಿಕ್ಕಿಬೀಳುತ್ತಾರೆ. ನಂಬುವುದು ಕಷ್ಟ, ಆದರೆ ಮನೆ ಬಿಟ್ಟು ಓಡದೆ ಮನೆಯನ್ನೇ ಹೊತ್ತೊಯ್ಯುವ ಆ ಕಲ್ಪನೆಗೆ ಮನಸೋತೆ. ‘ಮಿಕ್ಕಿ 17’ ಸತ್ತರೆ ಮತ್ತೆ ಅಚ್ಚು ಹಾಕುವ ಕೂಲಿಯ ಕಥೆ. ದುಡಿಯುವವರ ಬದುಕಿನ ಬಗ್ಗೆ ನಿರ್ದೇಶಕ ಬೋಂಗ್ ಜೂನ್ ಹೊ ಹೇಳುವ ಮಾತು ಗಟ್ಟಿ, ಅದನ್ನು ಗಣಿಯಲ್ಲೂ ಹೇಳಬಹುದಿತ್ತು. ‘ಸ್ಪೇಸ್‌ಮ್ಯಾನ್’ ಗಂಡ ಹೆಂಡತಿ ದೂರವಾದ ಕಥೆ. ದುಬೈಗೆ ಕೆಲಸಕ್ಕೆ ಹೋದ ಗಂಡನಾದರೂ ಅದೇ ಕಥೆ ನಡೆಯುತ್ತದೆ.

‘ಡ್ಯೂನ್’ ಎಲ್ಲಿ?

ಪಟ್ಟಿಯಲ್ಲಿಲ್ಲ. ಎರಡು ಭಾಗಗಳೂ ದೊಡ್ಡ ಪರದೆಯಲ್ಲಿ ಅದ್ಭುತ. ಆದರೆ ಅದು ಮರಳು, ನೀರು, ರಾಜ್ಯ, ಧರ್ಮದ ಕಥೆ. ಗ್ರಹದಿಂದ ಗ್ರಹಕ್ಕೆ ಹೋಗುವುದು ಅಲ್ಲಿ ಕ್ಷಣದ ಮಾತು.

ನಮ್ಮ ದೇಶದ ಚಿತ್ರಗಳು ಯಾಕಿಲ್ಲ?

2018ರಲ್ಲೇ ತಮಿಳಿನ ‘ಟಿಕ್ ಟಿಕ್ ಟಿಕ್’, ತೆಲುಗಿನ ‘ಅಂತರಿಕ್ಷಂ 9000 ಕೆಎಂಪಿಎಚ್’ ಎರಡೂ ಬಂದವು. ಧೈರ್ಯ ಮಾಡಿದ್ದಕ್ಕೆ ಗೌರವವಿದೆ. ಎರಡರಲ್ಲೂ ನಾಯಕನಿಗೆ ಬಾಹ್ಯಾಕಾಶ ಕಷ್ಟವೇ ಕೊಡುವುದಿಲ್ಲ, ನೆಲದ ಮೇಲಿನ ಹೀರೋ ಅಲ್ಲೂ ಹೀರೋ. ನನಗೆ ಇಷ್ಟವಾಗಿದ್ದು ಆರತಿ ಕಡವ್ ಅವರ ಹಿಂದಿ ಚಿತ್ರ ‘ಕಾರ್ಗೋ’. 2020ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಪ್ರಹಸ್ತ ಎನ್ನುವ ರಾಕ್ಷಸ ಪುಷ್ಪಕ ನೌಕೆಯಲ್ಲಿ ಒಬ್ಬನೇ ಕೂತು, ಸತ್ತು ಬಂದವರ ನೆನಪು ಅಳಿಸಿ ಮರುಹುಟ್ಟಿಗೆ ಕಳಿಸುವ ನೌಕರಿ ಮಾಡುತ್ತಾನೆ. ಸರ್ಕಾರಿ ಕಚೇರಿಯ ಬೇಸರವೂ ಸಾವಿನ ಗಾಂಭೀರ್ಯವೂ ಒಟ್ಟಿಗೇ ಇವೆ. ಹಣ ಸುರಿಯದೆ, ಯಾರನ್ನೂ ಅನುಕರಿಸದೆ, ನಮ್ಮದೇ ಕಥೆಗಳ ನಂಟಿನಿಂದ ಹುಟ್ಟಿದ ಚಿತ್ರ. ಬೇರೆಯವುಗಳ ಜೊತೆ ಅಳೆಯಲು ಮನಸ್ಸಾಗದೆ ಪ್ರತ್ಯೇಕ ಇಟ್ಟಿದ್ದೇನೆ. ಕನ್ನಡದಲ್ಲಿ 2024ರ ‘ಬ್ಲಿಂಕ್’ ಕಾಲಯಾನವನ್ನು ಕಡಿಮೆ ಖರ್ಚಿನಲ್ಲಿ ಅಷ್ಟು ಚೆನ್ನಾಗಿ ನಿಭಾಯಿಸಿದ್ದು ನೋಡಿದರೆ, ಇಂಥದ್ದು ನಮ್ಮಲ್ಲೂ ಆಗುತ್ತದೆ ಎನ್ನುವ ನಂಬಿಕೆ ನನಗಿದೆ.

ಇಂಗ್ಲಿಷ್ ಬರದವರು ಹೇಗೆ ನೋಡುವುದು?

2022ರ ‘ಅವತಾರ್’ ಎರಡನೇ ಭಾಗದಂಥವು ಕನ್ನಡ ಡಬ್ಬಿಂಗ್‌ನಲ್ಲೇ ಥಿಯೇಟರಿಗೆ ಬಂದವು. ನಮ್ಮ ಪಟ್ಟಿಯದಕ್ಕೆ ಆ ಭಾಗ್ಯ ಇಲ್ಲ. ನಾವು ಮಾಡುವುದು ಇಷ್ಟು: ಶುರುವಿನಲ್ಲಿ ಯಾರು ಯಾರಿಗೆ ಏನಾಗಬೇಕು ಅಂತ ಎರಡು ನಿಮಿಷ ಹೇಳುತ್ತೇವೆ, ನಡುವೆ ವಿಜ್ಞಾನದ ಮಾತು ಬಂದಾಗ ಒಮ್ಮೆ ನಿಲ್ಲಿಸಿ ಕನ್ನಡದಲ್ಲಿ ವಿವರಿಸುತ್ತೇವೆ, ಭಾವದ ದೃಶ್ಯಗಳಲ್ಲಿ ಬಾಯಿ ಬಿಡುವುದಿಲ್ಲ. ‘ಗ್ರ್ಯಾವಿಟಿ’ಗೆ ಇಷ್ಟೂ ಬೇಕಾಗುವುದಿಲ್ಲ.

ಮಕ್ಕಳಿಗೆ ಯಾವುದು?

ಹೈಸ್ಕೂಲ್ ಮಕ್ಕಳಿಗೆ ‘ದಿ ಮಾರ್ಷಿಯನ್’ ಧಾರಾಳವಾಗಿ. ಶುರುವಿನಲ್ಲಿ ಗಾಯಕ್ಕೆ ತಾನೇ ಚಿಕಿತ್ಸೆ ಮಾಡಿಕೊಳ್ಳುವ ದೃಶ್ಯದಲ್ಲಿ ರಕ್ತವಿದೆ, ಕೆಲವು ಕಡೆ ಬೈಗುಳ ಇದೆ, ಅಷ್ಟೇ. ‘ಇಂಟರ್‌ಸ್ಟೆಲ್ಲರ್’ ಉದ್ದ ಜಾಸ್ತಿ, ಎರಡು ದಿನಕ್ಕೆ ಹಂಚಿ. ‘ರೊಮ್ಯುಲಸ್’, ‘ಅನಿಯಾರಾ’ ದೊಡ್ಡವರಿಗೆ ಮಾತ್ರ.

‘ಇಂಟರ್‌ಸ್ಟೆಲ್ಲರ್’ ಡಿಸ್ಕ್ ಹಾಕಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬರ್ತಾ ಹೋಗ್ತಾ ಇರುತ್ತೆ. ಟಿವಿ ಕೆಟ್ಟಿದೆಯಾ?

ಕೆಟ್ಟಿಲ್ಲ. ಐಮ್ಯಾಕ್ಸ್ ಕ್ಯಾಮೆರಾದಲ್ಲಿ ತೆಗೆದ ದೃಶ್ಯಗಳು ಪರದೆ ತುಂಬುತ್ತವೆ, ಉಳಿದವು ಅಗಲಪಟ್ಟಿಯಲ್ಲಿ ಬರುತ್ತವೆ. ಟಿವಿಯ ಜೂಮ್ ಒತ್ತಿ ಅದನ್ನು ಸರಿ ಮಾಡಲು ಹೋಗಬೇಡಿ, ಚಿತ್ರದ ಅಂಚು ಕತ್ತರಿಸಿ ಹೋಗುತ್ತದೆ. ಬದಲಿಗೆ ಸೆಟ್ಟಿಂಗ್ಸ್‌ನಲ್ಲಿ ಚಲನೆಯನ್ನು ನಯ ಮಾಡುವ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿ, ಇಲ್ಲದಿದ್ದರೆ ಸಿನಿಮಾ ಧಾರಾವಾಹಿಯಂತೆ ಕಾಣುತ್ತದೆ. ಮಾತು ಸಂಗೀತದಲ್ಲಿ ಮುಳುಗಿ ಕೇಳಿಸುವುದಿಲ್ಲ ಎನ್ನುವವರಿಗೆ, ಅದು ಬೇಕೆಂದೇ ಹಾಗೆ ಮಾಡಿದ್ದು. ಸಬ್‌ಟೈಟಲ್ ಹಾಕಿಕೊಳ್ಳಿ. ಟ್ಯೂಬ್‌ಲೈಟ್ ಆರಿಸಿ.

ಒಂದೇ ರಾತ್ರಿ ಎರಡು ನೋಡುವುದಾದರೆ ಯಾವ ಜೋಡಿ?

‘ಸ್ಟೋಅವೇ’ ಮೊದಲು, ಊಟ ಮಾಡಿ ಆಮೇಲೆ ‘ಗ್ರ್ಯಾವಿಟಿ’. ಮಂಡ್ಯದವರು ಕೊನೆ ರೈಲು ಹಿಡಿಯಬೇಕಿದ್ದರೆ ‘ಗ್ರ್ಯಾವಿಟಿ’ ಒಂದನ್ನೇ ನೋಡಿ ಹೊರಡಿ, ‘ಅನಿಯಾರಾ’ವನ್ನು ಯಾವುದರ ಜೊತೆಗೂ ಸೇರಿಸಬೇಡಿ.